ಸಿರ್ಮಿಯಂ ಇಟ್ಟಿಗೆ ಮತ್ತು ಅವಾರರ ಗೋರಿಗಳು

ಈ ಸಲದ ಶಾಸನ ಕಲ್ಲಿನದ್ದಲ್ಲ, ತಾಮ್ರಪಟವೂ ಅಲ್ಲ. ಒಂದು ಇಟ್ಟಿಗೆ. ಸಿಕ್ಕಿದ್ದು ಸೆರ್ಬಿಯಾದ ಸ್ರೆಮ್ಸ್ಕಾ ಮಿತ್ರೋವಿತ್ಸಾ ಎಂಬ ಊರಲ್ಲಿ. ರೋಮನ್ನರ ಕಾಲದಲ್ಲಿ ಆ ಊರಿನ ಹೆಸರು ಸಿರ್ಮಿಯಂ. ಸಾವಾ ನದಿಯ ದಡದ ದೊಡ್ಡ ಪಟ್ಟಣ, ಕೆಲವು ಚಕ್ರವರ್ತಿಗಳು ಬೀಡುಬಿಟ್ಟ ಜಾಗ. ಇಟ್ಟಿಗೆಯ ಮೇಲೆ ಯಾರೋ ಗ್ರೀಕ್ ಲಿಪಿಯಲ್ಲಿ ಗೀಚಿದ್ದಾರೆ. ತಾತ್ಪರ್ಯ ಹೀಗೆ: ಕ್ರಿಸ್ತ ಪ್ರಭುವೇ, ಈ ಪಟ್ಟಣಕ್ಕೆ ನೆರವಾಗು, ಅವಾರನನ್ನು ತಡೆದು ನಿಲ್ಲಿಸು, ರೊಮಾನಿಯಾವನ್ನೂ ಇದನ್ನು ಬರೆದವನನ್ನೂ ಕಾಪಾಡು, ಆಮೆನ್. ರೊಮಾನಿಯಾ ಅಂದ್ರೆ ಈಗಿನ ಆ ಹೆಸರಿನ ದೇಶವಲ್ಲ, ರೋಮ್ ಸಾಮ್ರಾಜ್ಯ.

ಶಾಸನ ಓದುವ ಚಟ ಇರುವವರಿಗೆ ಇದರಲ್ಲಿ ಮೊದಲು ಕಣ್ಣಿಗೆ ಬೀಳೋದು ಕಾಗುಣಿತ. "ನೆರವಾಗು" ಎನ್ನುವ ಗ್ರೀಕ್ ಪದದಲ್ಲಿ ಥೀಟಾ ಬರಬೇಕಾದ ಕಡೆ ತಾವ್ ಬಂದಿದೆ. "ಕಾಪಾಡು" ಎನ್ನುವಲ್ಲಿ ಫೀ ಇರಬೇಕಾದ ಕಡೆ ಪೀ ಇದೆ. ನಮ್ಮ ಹಳ್ಳಿಗಳ ವೀರಗಲ್ಲುಗಳಲ್ಲಿ ಮಹಾಪ್ರಾಣಗಳೆಲ್ಲ ಅಲ್ಪಪ್ರಾಣ ಆಗಿರ್ತಾವಲ್ಲ, ನೋಡೋಕೆ ಹಾಗೇ. ಬರೆದವನು ಆಸ್ಥಾನದ ಲಿಪಿಕಾರನಲ್ಲ. ಗ್ರೀಕ್ ಅವನ ತಾಯ್ನುಡಿಯೂ ಆಗಿರಲಿಕ್ಕಿಲ್ಲ ಎಂದು ನನ್ನ ಊಹೆ. ಇನ್ನೊಂದು ಗಮನಿಸಿ. "ಅವಾರರನ್ನು" ಎಂದಿಲ್ಲ, "ಅವಾರನನ್ನು" ಎಂದು ಏಕವಚನದಲ್ಲಿದೆ. "ಹುಲಿಯನ್ನು ತಡೆಯಪ್ಪಾ" ಎಂದ ಹಾಗೆ.

ಕಾಲ ಸುಮಾರು ಕ್ರಿ.ಶ. 580–582. ಅವಾರರ ಖಗಾನ ಬಯಾನ್ ಸಾವಾ ನದಿಗೆ ಸೇತುವೆ ಕಟ್ಟಿಸಿ ಪಟ್ಟಣಕ್ಕೆ ದವಸ ಬರುವ ದಾರಿ ಮುಚ್ಚಿದ. ಸೇತುವೆ ರೋಮನ್ನರ ವಿರುದ್ಧ ಅಲ್ಲ ಅಂತ ಮೊದಲು ತನ್ನ ಜನರ ಪದ್ಧತಿಯಂತೆ ಕತ್ತಿ ಹಿರಿದು ಆಣೆ ಮಾಡಿದ. ಆಮೇಲೆ ರೋಮನ್ನರ ಪದ್ಧತಿಯಂತೆ ಸುವಾರ್ತೆಯ ಗ್ರಂಥ ಮುಟ್ಟಿಯೂ ಆಣೆ ಮಾಡಿದ. ಇದನ್ನು ಬರೆದಿಟ್ಟವನು ಮೆನಾಂಡರ್ ಎಂಬ ಬೈಜಾಂಟೈನ್ ಇತಿಹಾಸಕಾರ. ಎರಡೂ ಆಣೆ ಸುಳ್ಳಾದವು. 582ರಲ್ಲಿ ಪಟ್ಟಣ ಶರಣಾಯಿತು. ಸಿರಿಯಾಕ್ ಭಾಷೆಯಲ್ಲಿ ಬರೆಯುತ್ತಿದ್ದ ಎಫೆಸಸ್‌ನ ಜಾನ್ ಇನ್ನೊಂದು ಸಂಗತಿ ಹೇಳುತ್ತಾನೆ. ಒಳಗಿದ್ದವರು ಹಸಿವಿನಿಂದ ಸಾಯುವ ಸ್ಥಿತಿಯಲ್ಲಿದ್ದದ್ದು ನೋಡಿ ಅವಾರರಿಗೇ ಕನಿಕರ ಹುಟ್ಟಿ ರೊಟ್ಟಿ, ದ್ರಾಕ್ಷಾರಸ ಕೊಟ್ಟರಂತೆ. ಬಹಳ ದಿನ ಉಪವಾಸ ಇದ್ದವರು ಗಬಗಬ ತಿಂದು, ಅದರಿಂದಲೇ ಎಷ್ಟೋ ಜನ ಸತ್ತರಂತೆ. ಇಟ್ಟಿಗೆ ಬರೆದವನು ಆ ಸಾಲಿನಲ್ಲಿ ಇದ್ದನೋ, ಮೊದಲೇ ಹೋಗಿದ್ದನೋ.

ಅವಾರರ ಬಗ್ಗೆ ನಮಗೆ ಸಿಗುವ ಬರಹವೆಲ್ಲ ಹೆಚ್ಚುಕಮ್ಮಿ ಈ ಜಾತಿಯದ್ದೇ. ಇಟ್ಟಿಗೆ ಅವರ ವಿರುದ್ಧ ಬೇಡಿಕೊಂಡದ್ದು. ಪುಸ್ತಕಗಳು ಅವರಿಗೆ ಕಪ್ಪ ಕೊಟ್ಟವರು, ಅವರನ್ನು ಸೋಲಿಸಿದವರು ಬರೆದದ್ದು. ಅವರದೇ ಮಾತಿನಲ್ಲಿ, ನಾವು ನಿಸ್ಸಂದೇಹವಾಗಿ ಓದಬಲ್ಲ ಒಂದು ಸಾಲೂ ಇಲ್ಲ. ಎರಡೂಕಾಲು ಶತಮಾನ ಮಧ್ಯ ಯುರೋಪನ್ನು ಆಳಿದ ಜನ! ಒಂದನೇ ಪುಲಕೇಶಿ ಬಾದಾಮಿಯ ಬಂಡೆಯ ಮೇಲೆ ಕೋಟೆ ಕಟ್ಟಿದ್ದನ್ನು ಬರೆಸಿದ್ದು ಶಕ 465, ಅಂದ್ರೆ 543. ಅದಾಗಿ 25 ವರ್ಷಕ್ಕೆ ಅವಾರರು ಈಗಿನ ಹಂಗೇರಿಯ ಬಯಲಿಗೆ ಬಂದು ಕೂತರು. ಅವರ ಆಳ್ವಿಕೆ ಮುಗಿಯುವ ಹೊತ್ತಿಗೆ ಇಲ್ಲಿ ಬಾದಾಮಿ ಚಾಲುಕ್ಯರು ಹೋಗಿ ರಾಷ್ಟ್ರಕೂಟರ ಮೂರನೇ ಗೋವಿಂದ ಪಟ್ಟದಲ್ಲಿದ್ದ. ಆ ಅವಧಿಯ ಕನ್ನಡ ನಾಡಿನ ಶಾಸನಗಳ ರಾಶಿ ನಿಮಗೆ ಗೊತ್ತೇ ಇದೆ. ಅಲ್ಲಿ, ಶೂನ್ಯಕ್ಕೆ ಹತ್ತಿರ.

ಚರಿತ್ರೆಯ ಚೌಕಟ್ಟು ಚುಟುಕಾಗಿ ಹೇಳಿಬಿಡುತ್ತೇನೆ. 558ರ ಸುಮಾರಿಗೆ ಅವಾರರ ದೂತರು ಕಾನ್‌ಸ್ಟಾಂಟಿನೋಪಲ್‌ಗೆ, ಜಸ್ಟಿನಿಯನ್ ಚಕ್ರವರ್ತಿಯ ಬಳಿ ಬಂದರು. ಬೆನ್ನ ಮೇಲೆ ಇಳಿಬಿಟ್ಟ ಅವರ ಉದ್ದ ಜಡೆಗಳನ್ನು ನೋಡೋಕೆ ಊರಿಗೆ ಊರೇ ಸೇರಿತ್ತಂತೆ. 567ರಲ್ಲಿ ಲೊಂಬಾರ್ಡರ ಜೊತೆ ಸೇರಿ ಗೆಪಿಡರನ್ನು ಸೋಲಿಸಿದರು. ಮರುವರ್ಷ ಲೊಂಬಾರ್ಡರು ಇಟಲಿಗೆ ಗುಳೆ ಹೋದರು, ಡ್ಯಾನ್ಯೂಬ್ ಮತ್ತು ಟಿಸಾ ನದಿಗಳ ಬಯಲು ಪೂರ್ತಿ ಅವಾರರದ್ದಾಯಿತು. 626ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೇ ಮುತ್ತಿಗೆ ಹಾಕಿ ಸೋತರು. ಅಲ್ಲಿಂದ ಮುಂದೆ ಬೈಜಾಂಟೈನ್ ಲೇಖಕರಿಗೆ ಅವರ ಮೇಲೆ ಆಸಕ್ತಿ ಕಡಿಮೆ, ಹಾಗಾಗಿ ನಮಗೂ ಸುದ್ದಿ ಕಡಿಮೆ. 791ರಿಂದ ಶಾರ್ಲಮೇನ್ ದಂಡೆತ್ತಿ ಬಂದ. 795–796ರಲ್ಲಿ ಖಗಾನನ ಬೀಡು ಕೊಳ್ಳೆಯಾಯಿತು. 822ರಲ್ಲಿ ಫ್ರಾಂಕರ ದರಬಾರಿಗೆ ಬಂದ ದೂತರ ಪಟ್ಟಿಯಲ್ಲಿ ಅವರ ಹೆಸರು ಕೊನೆಯ ಬಾರಿ ಕಾಣುತ್ತದೆ, ಆಮೇಲೆ ಇಲ್ಲ.

ಹೆಸರಿನ ಮೇಲೂ ತಕರಾರಿದೆ. ಥಿಯೊಫಿಲಾಕ್ಟ್ ಸಿಮೊಕಾಟಾ ಎಂಬ ಇತಿಹಾಸಕಾರ ಇವರು ನಿಜವಾದ ಅವಾರರೇ ಅಲ್ಲ, ಹೆದರಿಸೋಕೆ ಆ ಹೆಸರು ಇಟ್ಟುಕೊಂಡ "ಸುಳ್ಳು ಅವಾರರು" ಎಂದು ಬರೆದ. ತುರ್ಕರಂತೂ ಇವರನ್ನು ತಮ್ಮಿಂದ ಓಡಿಹೋದ ಆಳುಗಳು ಎನ್ನುತ್ತಿದ್ದರು. ವೈರಿಗಳ ಪ್ರಶಸ್ತಿಯಲ್ಲಿ ಸೋತವನ ಕುಲ ಹೇಗೆ ಚಿತ್ರಿತವಾಗುತ್ತೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ.

ಚಿನ್ನದ ವಿಷಯ ಬಂತು, ಎಂಜಿನಿಯರ್ ಆದದ್ದರಿಂದ ಒಂದು ಲೆಕ್ಕ ಹಾಕದೆ ಮುಂದೆ ಹೋಗಲಾರೆ. ಬೈಜಾಂಟಿಯಂ ಪ್ರತಿವರ್ಷ ಕೊಡುತ್ತಿದ್ದ ಕಪ್ಪ 570ರ ದಶಕದಲ್ಲಿ 80,000 ಸಾಲಿಡಸ್ ನಾಣ್ಯ. ಆಮೇಲೆ ಒಂದು ಲಕ್ಷ, ಒಂದು ಲಕ್ಷದ ಇಪ್ಪತ್ತು ಸಾವಿರ, 620ರ ದಶಕದಲ್ಲಿ ಎರಡು ಲಕ್ಷ. ಸಾಲಿಡಸ್ ಒಂದಕ್ಕೆ ಸುಮಾರು ನಾಲ್ಕೂವರೆ ಗ್ರಾಂ. ಅಂದ್ರೆ ಕಡಿಮೆ ದರದಲ್ಲೇ ವರ್ಷಕ್ಕೆ 360 ಕೆಜಿ, ಹೆಚ್ಚಿನ ದರದಲ್ಲಿ 900 ಕೆಜಿ. ನಡುವೆ ಯುದ್ಧ ಬಂದು ಕಪ್ಪ ನಿಂತ ವರ್ಷಗಳನ್ನು ಕಳೆದರೂ ಅರ್ಧ ಶತಮಾನಕ್ಕೆ ಹತ್ತಿಪ್ಪತ್ತು ಟನ್. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿಯಲ್ಲಿ ಬಂದ, ಥಿಯೊಡೋಸಿಯಸ್‌ನಿಂದ ಒಂದನೇ ಜಸ್ಟಿನ್‌ವರೆಗಿನ ಚಕ್ರವರ್ತಿಗಳ ಚಿನ್ನದ ನಾಣ್ಯಗಳನ್ನು ನೆನಪಿಸಿಕೊಳ್ಳಿ. ಆ ಪಂಗಡದ ನಾಣ್ಯವೇ ಇದು. ನಮ್ಮ ಕಡೆಗೆ ವ್ಯಾಪಾರದ ದಾರಿಯಲ್ಲಿ ಬೊಗಸೆಯಷ್ಟು ಬಂತು, ಅವಾರರ ಕಡೆಗೆ ಹೆದರಿಕೆಯ ದಾರಿಯಲ್ಲಿ ಗಾಡಿಗಟ್ಟಲೆ ಹೋಯಿತು. ಆದರೆ ಅಗೆದಾಗ ಸಿಕ್ಕಿದ ಚಿನ್ನ ಇದರ ಪಕ್ಕದಲ್ಲಿ ಏನೇನೂ ಅಲ್ಲ. ಬಹುಪಾಲು ಕರಗಿ ಬೇರೆ ರೂಪ ತಾಳಿತು, ಹಂಚಿಹೋಯಿತು, ಉಳಿದದ್ದರಲ್ಲಿ ಎಷ್ಟೋ ಶಾರ್ಲಮೇನ್‌ನ ಪಾಲಾಯಿತು. ಯಾವ ಯುದ್ಧದಲ್ಲೂ ಫ್ರಾಂಕರಿಗೆ ಇಷ್ಟು ಸಂಪತ್ತು ಬಂದಿರಲಿಲ್ಲ ಎಂದು ಅವನ ಚರಿತ್ರೆ ಬರೆದ ಐನ್‌ಹಾರ್ಡ್ ಹೇಳುತ್ತಾನೆ.

ಕೆಲವು ವರ್ಷದ ಹಿಂದೆ ಕಂಪನಿ ಕೆಲಸದ ಮೇಲೆ ವಿಯೆನ್ನಾಕ್ಕೆ ಹೋಗಿದ್ದೆ. ಭಾನುವಾರ ಬಿಡುವಿತ್ತು. ಸಹೋದ್ಯೋಗಿಗಳು ಅರಮನೆ ನೋಡಲು ಹೋದರು, ನಾನು ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂಗೆ ಹೋದೆ. ಅಲ್ಲಿ ನಾದ್ಯ್‌ಸೆಂಟ್‌ಮಿಕ್ಲೋಶ್ ನಿಧಿ ಇದೆ. 1799ರಲ್ಲಿ, ಈಗ ರೊಮಾನಿಯಾದ ಪಶ್ಚಿಮದ ತುದಿಯಲ್ಲಿರುವ ಊರೊಂದರಲ್ಲಿ ಮಣ್ಣಿನಿಂದ ಬಂದ 23 ಚಿನ್ನದ ಪಾತ್ರೆ, ಒಟ್ಟು ತೂಕ ಸುಮಾರು 10 ಕೆಜಿ. (ಸಂಗೀತಗಾರ ಬೇಲಾ ಬಾರ್ಟೋಕ್ ಹುಟ್ಟಿದ್ದೂ ಅದೇ ಊರಲ್ಲಿ.) ಇದು ಅವಾರರದೇ ಎಂದು ಈಗ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ, ಬಲ್ಗಾರರದು ಎಂದು ವಾದಿಸಿದವರೂ ಇದ್ದಾರೆ. ಪಾತ್ರೆಗಳ ಮೇಲೆ ಅಲ್ಲಲ್ಲಿ ಗೀಚಿದ ಅಕ್ಷರಗಳಿವೆ, ತುರ್ಕರ ಓರ್ಖೋನ್ ಶಾಸನದ ಅಕ್ಷರಗಳನ್ನು ನೆನಪಿಸುವಂಥವು. ಗಾಜಿಗೆ ಮೂಗು ಒತ್ತಿಕೊಂಡು ನಿಂತೆ. ನಮ್ಮಲ್ಲಾದರೆ ಹಿಟ್ಟು ಸವರಿ, ಓರೆ ಬೆಳಕು ಹಿಡಿದು ನೋಡುತ್ತಿದ್ದೆ. ಕಾವಲಿನವರು ಎರಡು ಸಲ ಬಂದು ಹಿಂದೆ ಸರಿಯಿರಿ ಅಂದರು.

ಅದೇ ನಿಧಿಯ ಒಂದು ಬಟ್ಟಲಿನ ಮೇಲೆ ಗ್ರೀಕ್ ಅಕ್ಷರಗಳಲ್ಲಿ ಚೆನ್ನಾಗಿ ಬಿಡಿಸಿ ಬರೆದ ಶಾಸನ ಇದೆ. ಅಕ್ಷರ ಸಂಶಯವಿಲ್ಲದೆ ಗ್ರೀಕ್, ಭಾಷೆ ಮಾತ್ರ ಗ್ರೀಕ್ ಅಲ್ಲ. "ಬುಯ್ಲಾ" ಎಂಬ ಪದ ಮೊದಲಲ್ಲಿ ಬರುತ್ತದೆ, "ಝೋಪಾನ್" ಎಂಬ ಪದವಿ ಎರಡು ಸಲ. (ಕನ್ನಡದ ಜೋಪಾನಕ್ಕೂ ಇದಕ್ಕೂ ಸಂಬಂಧ ಕಟ್ಟಿ ದಯವಿಟ್ಟು ಯಾರೂ ಮೆಸೇಜ್ ಕಳಿಸಬೇಡಿ. ಸ್ಲಾವ್ ಜನರ "ಝುಪಾನ್" ಎಂಬ ಅಧಿಕಾರಿಯ ಹೆಸರಿಗೆ ಹೋಲಿಸುವುದು ವಾಡಿಕೆ.) ಉಳಿದದ್ದು ತುರ್ಕಿ ಕುಲದ ಭಾಷೆ ಇರಬೇಕು ಎಂದು ಬಹುಮತ, ಅರ್ಥದ ಮೇಲೆ ಒಮ್ಮತವಿಲ್ಲ. ಆಕ್ಸಿರಿಂಕಸ್ ಪಪೈರಸ್ಸಿನ ಗ್ರೀಕ್ ಪ್ರಹಸನದ ಕಥೆ ನಮಗೆ ಗೊತ್ತಲ್ಲ. ಗ್ರೀಕ್ ಅಕ್ಷರದಲ್ಲಿ ಬರೆದ ಅರ್ಥವಾಗದ ಮಾತುಗಳನ್ನು ಹುಲ್ಟ್ಜ್ ಕನ್ನಡ ಅಂದರು, ಶಾಮಾಶಾಸ್ತ್ರಿಗಳು ಕನ್ನಡವಾಗಿ ಓದಿ ತೋರಿಸಿದರು, ತುಳು ಅಂದವರೂ ಇದ್ದಾರೆ. ಅಕ್ಷರ ಗೊತ್ತಿದ್ದು ಭಾಷೆ ಗೊತ್ತಿಲ್ಲದಿದ್ದರೆ ಪ್ರತಿಯೊಬ್ಬರಿಗೂ ತಮ್ಮ ತಮ್ಮ ಮನೆಮಾತೇ ಕೇಳಿಸುತ್ತೆ. ಬಟ್ಟಲಿನ ಶಾಸನಕ್ಕೂ ಅದೇ ಗತಿ. ಇನ್ನೊಂದು ಚಿಕ್ಕ ಬರಹ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಹಾಗಾದ್ರೆ ಅವಾರರನ್ನು ತಿಳಿಯೋದು ಹೇಗೆ? ಉತ್ತರ ಮಣ್ಣಿನಲ್ಲಿದೆ. ಹಂಗೇರಿ ಮತ್ತು ಸುತ್ತಲಿನ ದೇಶಗಳಲ್ಲಿ ಅವಾರರ ಕಾಲದ ಗೋರಿಗಳು ಇದುವರೆಗೆ ಅಗೆದಿರುವುದು ಸುಮಾರು ಒಂದು ಲಕ್ಷ. ಬಾಲಟೋನ್ ಕೆರೆಯ ದಡದ ಝಮಾರ್ದಿ ಒಂದರಲ್ಲೇ ಎರಡು ಸಾವಿರ ದಾಟುತ್ತದೆ. ಒಂದು ಲಕ್ಷ ಗೋರಿ, ಒಂದರ ಮೇಲೂ ಹೆಸರು ಬರೆದ ಕಲ್ಲಿಲ್ಲ.

ಆದರೆ ಅವು ಮೂಕವೂ ಅಲ್ಲ. ನೂರಾರು ವರದಿ ತಿರುವಿದ ಮೇಲೆ ಒಂದು ವ್ಯಾಕರಣ ಕಾಣಲು ಶುರುವಾಗುತ್ತೆ. ಗಂಡಸಿನ ಸೊಂಟದಲ್ಲಿ ಲೋಹದ ಬಿಲ್ಲೆಗಳನ್ನು ಹೊಡೆದ ಪಟ್ಟಿ, ಅದರಿಂದ ಜೋತುಬಿದ್ದ ಚಿಕ್ಕ ಪಟ್ಟಿಗಳು. ಚರ್ಮ ಕೊಳೆತು ಹೋಗಿರುತ್ತೆ, ಬಿಲ್ಲೆಗಳು ಬಿದ್ದ ಸಾಲಿನಿಂದ ಪಟ್ಟಿಯನ್ನು ಮತ್ತೆ ಕಟ್ಟುತ್ತಾರೆ. ಬಿಲ್ಲೆ ಚಿನ್ನವೋ, ಬೆಳ್ಳಿಯೋ, ಕಂಚೋ, ಎಷ್ಟಿವೆ ಎನ್ನುವುದರಲ್ಲಿ ಸತ್ತವನ ಅಂತಸ್ತು. ಕೆಲವರ ಪಕ್ಕದಲ್ಲಿ ಕುದುರೆ, ಬಾಯಲ್ಲಿ ಕಡಿವಾಣ, ಪಕ್ಕೆಗೆ ಕಬ್ಬಿಣದ ರಿಕಾಪು. ರಿಕಾಪು, ಅಂದ್ರೆ ನಮ್ಮ ಹಳೆಯ ಮಾತಿನ ಅಂಕವಣೆ, ಯುರೋಪಿನಲ್ಲಿ ಮೊದಲು ಕಾಣಿಸಿಕೊಳ್ಳುವುದೇ ಇವರ ಗೋರಿಗಳಲ್ಲಿ. ಟಿಸಾ ನದಿಯ ಆಚೆ ದಡದಲ್ಲಿ ಇಡೀ ಕುದುರೆಯ ಬದಲು ತಲೆ ಮತ್ತು ಕಾಲು ಮಾತ್ರ ಇಟ್ಟ ಗೋರಿಗಳಿವೆ, ಗುಂಡಿಯ ತುದಿಯಿಂದ ಓರೆಯಾಗಿ ಸುರಂಗ ಕೊರೆದು ಹೆಣ ಒಳಗೆ ತಳ್ಳಿದ ಗೋರಿಗಳಿವೆ. ಗಂಡಸರ ತಲೆಯ ಬಳಿ ಜಡೆಗೆ ಹಾಕುವ ಲೋಹದ ಪಟ್ಟಿ ಸಿಗುವುದೂ ಉಂಟು. ಕಾನ್‌ಸ್ಟಾಂಟಿನೋಪಲ್‌ನ ಜನ ಬಾಯಿಬಿಟ್ಟು ನೋಡಿದ ಆ ಜಡೆ ಕಟ್ಟುಕಥೆಯಲ್ಲ ಎಂದಾಯಿತು.

ಈ ಗೋರಿಗಳಲ್ಲೆಲ್ಲ ಹೆಸರಾದದ್ದು ಕುನ್‌ಬಾಬೋನಿಯದು. 1971ರಲ್ಲಿ ಮರಳು ತೆಗೆಯುವಾಗ ಸಿಕ್ಕಿದ್ದು. ವಯಸ್ಸಾದ ಗಂಡಸು, ಎರಡು ಕೆಜಿ ಮೀರಿದ ಚಿನ್ನ, ಚಿನ್ನದ ಹಿಡಿಯ ಕತ್ತಿ, ಕುಡಿಯುವ ಕೊಂಬು. ಪಟ್ಟಿಯ ಮೇಲೆ ಬಕಲ್ಲಿನ ಆಕಾರದ ಚಿನ್ನದ ತಗಡುಗಳಿವೆ, ಆದರೆ ಅವು ಬಕಲ್ ಅಲ್ಲ. ಏನನ್ನೂ ಬಿಗಿಯುವುದಿಲ್ಲ, ಬರೀ ದರ್ಜೆಯ ಗುರುತು. "ಖಗಾನನ ಗೋರಿ" ಎಂದೇ ಕರೆಯುತ್ತಾರೆ. ಯಾವ ಖಗಾನ? ಏಳನೆಯ ಶತಮಾನದ ಯಾರೋ ಒಬ್ಬ. ಇಷ್ಟು ಚಿನ್ನದ ನಡುವೆ ಒಂದು ಹೆಸರು ಗೀಚಿದ್ದರೆ ಸಾಕಿತ್ತು ಅನ್ನಿಸುತ್ತೆ, ಅಲ್ವಾ? ಆ ಇಟ್ಟಿಗೆಯವನೂ ತನ್ನ ಹೆಸರು ಹಾಕಲಿಲ್ಲ ಅನ್ನೋದು ಬೇರೆ ಮಾತು.

ಅಲೆಮಾರಿಗಳು ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ. ಬಂದಾಗ ಹೌದು. ಸುಮಾರು 600ರ ಹೊತ್ತಿನ "ಸ್ಟ್ರಾಟೆಗಿಕಾನ್" ಎಂಬ ಬೈಜಾಂಟೈನ್ ಯುದ್ಧಗ್ರಂಥ, ಇವರ ದಂಡಿನ ಹಿಂದೆ ಗಂಡು ಹೆಣ್ಣು ಕುದುರೆಗಳ ದೊಡ್ಡ ಹಿಂಡೇ ಬರುತ್ತದೆ, ಊಟಕ್ಕೂ ಅದೇ, ದಂಡು ದೊಡ್ಡದಾಗಿ ಕಾಣಲೂ ಅದೇ, ಮೇವು ಸಿಗದಂತೆ ಮಾಡಿದರೆ ಇವರು ಸೋತಂತೆ ಎಂದು ವಿವರಿಸುತ್ತದೆ. ಆದರೆ ಗೋರಿಗಳನ್ನು ನೋಡಿ. ಟಿಸಾಫ್ಯೂರೆಡ್‌ನ ಸ್ಮಶಾನದಲ್ಲಿ 1200 ಮೀರಿದ ಗೋರಿಗಳು ಒಂದೇ ಕಡೆ. ತಲೆಮಾರು ತಲೆಮಾರು ಅದೇ ಜಾಗಕ್ಕೆ ಹೆಣ ತರುವವರು ಎಲ್ಲೋ ಹತ್ತಿರದಲ್ಲೇ ಮನೆ ಮಾಡಿಕೊಂಡಿರಬೇಕು. ಗೋರಿಯಲ್ಲಿ ಕುಡುಗೋಲು ಇದೆ. ಕೋಳಿಯ ಎಲುಬಿದೆ, ಮೊಟ್ಟೆಯ ಚಿಪ್ಪಿದೆ. ಕುರಿ, ಕುದುರೆ, ದನ ನಮ್ಮ ಜೊತೆ ನಡೆದು ಬರ್ತಾವೆ. ಕೋಳಿ ಬರಲ್ಲ, ಬೇಕಾದ್ರೆ ನಮ್ಮ ಕುರಿಗಾಹಿಗಳನ್ನು ಕೇಳಿ. ಮೊದಲು ಎರಡು ಮೂರು ತಲೆಮಾರು ಕುದುರೆಯ ಬೆನ್ನ ಮೇಲಿದ್ದವರು ಆಮೇಲೆ ಅರ್ಧ ನೆಲದೊಳಗೆ ತೋಡಿದ ಗುಡಿಸಲಿನ ಹಳ್ಳಿಗಳಲ್ಲಿ ನೆಲೆನಿಂತರು. ಕುದುರೆ ಗೋರಿಯಲ್ಲಿ ಉಳಿಯಿತು. ಗೋರಿಯಲ್ಲಿ ಇಡುವುದು ಬದುಕಿದ ಹಾಗೆಯೇ ಇರಬೇಕಾಗಿಲ್ಲ. ತಾನು ಯಾರೆಂದು ಹೇಳಿಕೊಳ್ಳಲು ಇಷ್ಟಪಡುತ್ತಿದ್ದನೋ ಅದೂ ಇರುತ್ತದೆ, ಪ್ರಶಸ್ತಿ ಶಾಸನದ ಬಿರುದುಗಳ ಹಾಗೆ.

ಇಷ್ಟು ಹೇಳಿದ ನಾನೇ ಮುಗ್ಗರಿಸಿದ್ದನ್ನು ಈಗ ಹೇಳಬೇಕು.

2022ರಲ್ಲಿ ಪ್ರಾಚೀನ ಡಿಎನ್‌ಎ ಸಂಶೋಧನೆಯೊಂದು ಬಂತು. ಸಿರಿವಂತ ಅವಾರ ಗೋರಿಗಳವರ ಮೂಲ ಮಂಗೋಲಿಯಾ ಕಡೆಯದು, 550ರ ದಶಕದಲ್ಲಿ ತುರ್ಕರಿಂದ ನಾಶವಾದ ರೌರಾನ್ ರಾಜ್ಯದ ಕಾಲದ ಜನರಿಗೆ ಹತ್ತಿರ ಎಂದು ತೋರಿಸಿತು. ಐದು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದೂರ, ಹದಿನೈದು ಇಪ್ಪತ್ತು ವರ್ಷದಲ್ಲಿ. "ಸುಳ್ಳು ಅವಾರರು" ಎಂಬ ಹಳೆಯ ಮೂದಲಿಕೆಗೆ ಇದು ಸರಿಯಾದ ಉತ್ತರ ಎಂದು ಉಬ್ಬಿಹೋದೆ. ಒಂದು ಎಕ್ಸೆಲ್ ಶೀಟ್ ಮಾಡಿಕೊಂಡೆ. ಯಾವ ಬಗೆಯ ಸೊಂಟಪಟ್ಟಿ, ಎಷ್ಟು ಬಿಲ್ಲೆ, ಅದರಿಂದ ಸತ್ತವನು ಮೂಲದಲ್ಲಿ ಎಷ್ಟು ಪಾಲು "ಪೂರ್ವದವನು". ಮೂರು ತಿಂಗಳು ರಾತ್ರಿ ಕೂತು ತುಂಬಿದ್ದೆ. ಪಟ್ಟಿಯನ್ನು ಶಾಸನದ ಹಾಗೆ ಓದಬಹುದು, ಅದರಲ್ಲಿ ಕುಲ ಬರೆದಿದೆ ಅನ್ನುವ ಧೈರ್ಯ.

2025ರ ಜನವರಿಯಲ್ಲಿ "ನೇಚರ್" ಪತ್ರಿಕೆಯಲ್ಲಿ ಬಂದ ಪ್ರಬಂಧ ಆ ಶೀಟನ್ನು ಕಸದ ಬುಟ್ಟಿಗೆ ಹಾಕಿಸಿತು. ವಿಯೆನ್ನಾದ ದಕ್ಷಿಣಕ್ಕೆ ಎರಡು ಊರು, ಮೋಡ್ಲಿಂಗ್ ಮತ್ತು ಲಿಯೋಬರ್ಸ್‌ಡಾರ್ಫ್. ಒಂದರಿಂದ ಒಂದಕ್ಕೆ ಸುಮಾರು 20 ಕಿಲೋಮೀಟರ್. ಎರಡರಲ್ಲೂ ಅವಾರರ ಕಾಲದ ಸ್ಮಶಾನ, ಮೋಡ್ಲಿಂಗ್‌ನದು ದೊಡ್ಡದು, ಲಿಯೋಬರ್ಸ್‌ಡಾರ್ಫ್‌ನದು ಚಿಕ್ಕದು. ಎರಡೂ ಕಡೆ ಅದೇ ಸೊಂಟಪಟ್ಟಿ, ಅದೇ ಗ್ರಿಫಿನ್ ಬಿಲ್ಲೆ (ಸಿಂಹದ ಮೈ, ಹದ್ದಿನ ಮುಖ, ನಮ್ಮ ಗಂಡಭೇರುಂಡದ ದೂರದ ನೆಂಟ ಅನ್ನಿ), ಅದೇ ಬಗೆಯ ಹೂಳುವಿಕೆ. ಒಟ್ಟು 722 ಜನರ ಡಿಎನ್‌ಎ ನೋಡಿದರು. ಲಿಯೋಬರ್ಸ್‌ಡಾರ್ಫ್‌ನವರ ಮೂಲ ಬಹುಪಾಲು ಪೂರ್ವ ಏಷ್ಯಾದ್ದು. ಮೋಡ್ಲಿಂಗ್‌ನವರದು ಯುರೋಪಿನದು. ಒಂದೇ ಕಾಲ, ಒಂದೇ ವೇಷ, ಒಂದೇ ರಾಜ್ಯ. ಆರು ತಲೆಮಾರು ಅಕ್ಕಪಕ್ಕ ಇದ್ದೂ ಕೊಡು-ಕೊಳ್ಳು ಇಲ್ಲವೆಂಬಷ್ಟು ಕಡಿಮೆ. ಹೊಡೆದಾಟದ ಗಾಯಗಳೂ ಎಲುಬುಗಳಲ್ಲಿ ಕಾಣಲಿಲ್ಲ. ಜಗಳವಿಲ್ಲದೆ ಬದುಕಿದರು, ಹೆಣ್ಣನ್ನು ಮಾತ್ರ ಬೇರೆ ಕಡೆಯಿಂದ ತಂದರು, ಲಿಯೋಬರ್ಸ್‌ಡಾರ್ಫ್‌ನವರು ತಮ್ಮಂಥದೇ ಮೂಲದ ದೂರದ ಮನೆಗಳಿಂದ.

ಪಟ್ಟಿ ನೋಡಿ ಇವರಿಬ್ಬರನ್ನು ಬೇರೆ ಮಾಡೋಕೆ ಸಾಧ್ಯವೇ ಇರಲಿಲ್ಲ. ಕನ್ನಡ ಶಾಸನ ಸಿಕ್ಕಿತು ಎಂದ ಮಾತ್ರಕ್ಕೆ ಆ ಊರಲ್ಲಿ ಇದ್ದವರೆಲ್ಲ ಮನೆಯಲ್ಲಿ ಕನ್ನಡ ಆಡುತ್ತಿದ್ದರು ಎನ್ನಲಾಗದು ಅಂತ ನಾನೇ ಇಲ್ಲಿ ಹಿಂದೆ ಬರೆದಿದ್ದೆ. ಗೋರಿ ಓದುವಾಗ ಅದನ್ನೇ ಮರೆತೆ. ಪಟ್ಟಿ ಹೇಳುವುದು "ನಾನು ಅವಾರರ ರಾಜ್ಯದಲ್ಲಿ ಇಂಥ ದರ್ಜೆಯವನು" ಎಂದು. "ನನ್ನ ತಾತ ಎಲ್ಲಿಂದ ಬಂದ" ಎಂದಲ್ಲ. ಮೋಡ್ಲಿಂಗ್‌ನ ಆ ಯುರೋಪಿಯನ್ ಮೂಲದವರನ್ನು ನೀವು ಯಾರಪ್ಪಾ ಅಂತ ಕೇಳಿದ್ದರೆ ಅವಾರರು ಅಂತಲೇ ಹೇಳುತ್ತಿದ್ದರು ಎಂದು ನನಗನ್ನಿಸುತ್ತೆ. ವಿಯೆನ್ನಾದಲ್ಲಿ ಇದ್ದ ಎರಡು ವಾರ ನಾನು ಪ್ಲಾಂಟಿಗೆ ಹೋಗುತ್ತಿದ್ದ ರೈಲು ದಿನಾ ಮೋಡ್ಲಿಂಗ್ ಸ್ಟೇಷನ್ ಮೇಲೇ ಹೋಗುತ್ತಿತ್ತು. ಫೋನ್ ನೋಡುತ್ತಾ ಕೂತಿದ್ದೆ.

ಇದಕ್ಕೆ ಒಂದು ವರ್ಷ ಮೊದಲು, 2024ರಲ್ಲಿ, ಅದೇ ಪತ್ರಿಕೆಯಲ್ಲಿ ಹಂಗೇರಿಯ ನಾಲ್ಕು ಸ್ಮಶಾನಗಳ ಬಗ್ಗೆ ಬಂದದ್ದು ನನಗೆ ಇನ್ನೂ ದೊಡ್ಡದು. ಆಯ್ದ ಗೋರಿಗಳನ್ನಲ್ಲ, ಸ್ಮಶಾನ ಪೂರ್ತಿ ತೆಗೆದುಕೊಂಡರು, 424 ಜನ. ಅವರಲ್ಲಿ ಸುಮಾರು 300 ಜನಕ್ಕೆ ಅದೇ ಗುಂಪಿನಲ್ಲಿ ಹತ್ತಿರದ ರಕ್ತಸಂಬಂಧಿಗಳು ಸಿಕ್ಕರು. ರಾಕೋತ್ಸಿಫಾಲ್ವಾ ಎಂಬಲ್ಲಿ ಒಂದು ವಂಶವೃಕ್ಷ ಒಂಬತ್ತು ತಲೆಮಾರಿಗೆ ಹೋಯಿತು. ಒಂಬತ್ತು! ತಾಮ್ರಪಟದ ವಂಶಾವಳಿಯಲ್ಲಿ ಒಂಬತ್ತು ತಲೆಮಾರು ಬಂದರೆ ಮೊದಲ ಮೂರು ನಾಲ್ಕನ್ನು ನಾವು ಸಂಶಯದಿಂದಲೇ ನೋಡುತ್ತೇವೆ. ಇಲ್ಲಿ ಕವಿಯಿಲ್ಲ, ದಾನ ಪಡೆದವನಿಲ್ಲ, ಉತ್ಪ್ರೇಕ್ಷೆಗೆ ಜಾಗವಿಲ್ಲ.

ವಂಶವೃಕ್ಷ ಹೇಳಿದ್ದು ಹೀಗೆ. ಗಂಡು ಮಕ್ಕಳು ಹುಟ್ಟಿದಲ್ಲೇ ಉಳಿದು ಅಪ್ಪನ ಸ್ಮಶಾನಕ್ಕೇ ಸೇರಿದರು. ಬೆಳೆದ ಹೆಣ್ಣು ಮಕ್ಕಳು ಅಲ್ಲಿ ಇಲ್ಲ, ಮದುವೆಯಾಗಿ ಹೊರಟುಹೋದರು. ತಾಯಂದಿರು ಇದ್ದಾರೆ, ಅವರ ತಂದೆತಾಯಿ ಇಲ್ಲ. ಒಬ್ಬ ಹೆಂಗಸಿಗೆ ಅಣ್ಣನಿಂದಲೂ ತಮ್ಮನಿಂದಲೂ, ಕೆಲವು ಕಡೆ ಅಪ್ಪನಿಂದಲೂ ಮಗನಿಂದಲೂ (ಅವಳ ಹೊಟ್ಟೆಯ ಮಗನಲ್ಲ) ಮಕ್ಕಳಿದ್ದಾರೆ. ಗಂಡ ತೀರಿದ ಮೇಲೆ ಅವಳನ್ನು ಮನೆಯೊಳಗೇ ಇನ್ನೊಬ್ಬ ಕೈಹಿಡಿಯುವ ಪದ್ಧತಿ. ಹುಲ್ಲುಗಾವಲಿನ ಬೇರೆ ಅಲೆಮಾರಿ ಜನರ ಬಗ್ಗೆ ಚೀನೀ ಬರಹಗಳು ಹೇಳುವುದೂ ಇದನ್ನೇ. ಇನ್ನೊಂದು ಅಂಶ ಓದುವಾಗ ನಾನು ಎದ್ದು ಕೂತೆ. ರಕ್ತಸಂಬಂಧಿಗಳ ನಡುವೆ ಮದುವೆಯ ಸುಳಿವೇ ಇಲ್ಲ, ದೂರದ ನೆಂಟಸ್ತಿಕೆಯಲ್ಲೂ ಇಲ್ಲ. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಸ್ಮಶಾನವಾಗಿದ್ದರೆ ಡಿಎನ್‌ಎ ಬೇರೆಯೇ ಕಥೆ ಹೇಳುತ್ತಿತ್ತು. ನೂರಾರು ಜನರ ಬಳಗದಲ್ಲಿ ಹೀಗೆ ತಪ್ಪಿಸಬೇಕಾದರೆ ಯಾರು ಯಾರ ಮಗ, ಯಾರ ಅಜ್ಜಿ ಎಲ್ಲಿಂದ ಬಂದವಳು ಎಂಬುದು ತಲೆಮಾರುಗಟ್ಟಲೆ ನೆನಪಿರಬೇಕು. ಬರೆದಿಟ್ಟಿಲ್ಲ. ಬಾಯಲ್ಲಿತ್ತು. ನಮ್ಮಲ್ಲಿ ಬಳಿ, ಬೆಡಗು ವಿಚಾರಿಸದೆ ಸಂಬಂಧದ ಮಾತೆತ್ತದ ಅಜ್ಜಿಯರ ಹಾಗೆ ಅಲ್ಲೂ ಯಾರೋ ಇದ್ದರು. ಬರಹ ಇಲ್ಲದವರಿಗೆ ವಂಶಾವಳಿ ಇರಲಿಲ್ಲ ಎಂದು ನಾನು ಎಷ್ಟು ಸಲ ಹಗುರವಾಗಿ ಅಂದಿದ್ದೇನೋ.

ರಾಕೋತ್ಸಿಫಾಲ್ವಾದಲ್ಲಿ ಇನ್ನೊಂದು ಘಟನೆ ಪತ್ತೆಯಾಯಿತು. ಏಳನೆಯ ಶತಮಾನದ ಉತ್ತರಾರ್ಧದಲ್ಲಿ ಒಂದು ಮನೆತನ ಮುಗಿದು ಅದೇ ನೆಲದಲ್ಲಿ ಬೇರೆ ಮನೆತನ ಶುರುವಾಗುತ್ತದೆ. ಗೋರಿಯ ಸಾಮಾನು ಬದಲಾಗಿದೆ, ಊಟದ ರೀತಿಯೂ ಬದಲಾಗಿದೆ. ಆದರೆ ದೂರದ ಮೂಲ ನೋಡಿದರೆ ಇಬ್ಬರೂ ಒಂದೇ ಬಗೆ. ಕುಟುಂಬ ಕುಟುಂಬವಾಗಿ ಬಿಡಿಸಿ ನೋಡದಿದ್ದರೆ ಈ ಪಲ್ಲಟ ಕಣ್ಣಿಗೇ ಬೀಳುತ್ತಿರಲಿಲ್ಲ. ಸ್ಥಳೀಯ ಅಧಿಕಾರ ಕೈ ಬದಲಾಗಿರಬೇಕು ಎಂದು ಸಂಶೋಧಕರ ಅಭಿಪ್ರಾಯ. 626ರ ಸೋಲಿನ ನಂತರ ಬೈಜಾಂಟೈನ್ ಪುಸ್ತಕಗಳು ಹೆಚ್ಚುಕಮ್ಮಿ ಮೌನವಾಗುವ ಕಾಲ ಇದು. ಆ ಮೌನದ ಒಳಗೆ ಒಂದು ಮನೆತನ ಎದ್ದುಹೋಗಿದೆ.

ಹಳೆಯ ರುಸ್ ವೃತ್ತಾಂತದಲ್ಲಿ ಅವಾರರ ಬಗ್ಗೆ ಒಂದು ಗಾದೆ ದಾಖಲಾಗಿದೆ, ಕುಲವೂ ಇಲ್ಲದೆ ವಾರಸುದಾರರೂ ಇಲ್ಲದೆ ಅಳಿದವರು ಎಂಬರ್ಥದ್ದು. ರಾಕೋತ್ಸಿಫಾಲ್ವಾದ ವಂಶವೃಕ್ಷದ ನಕ್ಷೆಯನ್ನು ಪ್ರಿಂಟ್ ತೆಗೆದು ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ. ಎ3 ಹಾಳೆಯಲ್ಲೂ ಅಕ್ಷರ ಓದಲಾಗದಷ್ಟು ಚಿಕ್ಕದಾಗಿ ಬಂತು.

ಈಗ ಆ ಕೊನೆಯ ಬರಹ. 1983ರಲ್ಲಿ ಹಂಗೇರಿಯ ಸರ್ವಾಶ್ ಎಂಬಲ್ಲಿ ಎಲುಬಿನ ಒಂದು ಸೂಜಿ ಕೊಳವೆ ಸಿಕ್ಕಿತು. ಸೂಜಿ ಹಾಕಿ ಸೊಂಟಕ್ಕೆ ಕಟ್ಟಿಕೊಳ್ಳುವ, ಬೆರಳುದ್ದದ ಕೊಳವೆ. ಎಂಟನೆಯ ಶತಮಾನದ್ದು. ಅದರ ಮೈಮೇಲೆ ಸುಮಾರು ಅರವತ್ತು ಅಕ್ಷರ ಕೊರೆದಿದೆ, ನಾದ್ಯ್‌ಸೆಂಟ್‌ಮಿಕ್ಲೋಶ್ ಪಾತ್ರೆಗಳ ಮೇಲಿನ ಅಕ್ಷರಗಳಿಗೆ ಹತ್ತಿರವಾದವು. ಅವಾರರ ಕಾಲದ ಆ ಲಿಪಿಯಲ್ಲಿ ಇಷ್ಟು ಉದ್ದದ ಬರಹ ಅಪರೂಪ. ಗಾಬೋರ್ ವೇಕೋನಿ ಒಂದು ಬಗೆಯಲ್ಲಿ ಓದಿದರು, ಆಂದ್ರಾಶ್ ರೋನಾ-ತಾಶ್ ಇನ್ನೊಂದು ಬಗೆಯಲ್ಲಿ. ಇಬ್ಬರ ಪಾಠವೂ ಬೇರೆ ಬೇರೆ. ಇಂಥ ಕೊಳವೆಗಳು ಸಾಮಾನ್ಯವಾಗಿ ಸಿಗುವುದು ಹೆಂಗಸರ ಗೋರಿಗಳಲ್ಲಿ. ದೂರದ ಊರಿಂದ ಮದುವೆಯಾಗಿ ಬಂದು, ತಂದೆತಾಯಿ ಇಲ್ಲದ ಸ್ಮಶಾನದಲ್ಲಿ ಮಲಗಿರುವ ಹೆಂಗಸರು. ಕೊರೆದ ಗೆರೆಗಳ ಚಿತ್ರ ನನ್ನ ಬಳಿ ಇದೆ. ಹಳೆಯ ತುರ್ಕಿ ಲಿಪಿ ಕಲಿತವರು ಓದುಗರಲ್ಲಿ ಯಾರಾದರೂ ಇದ್ದರೆ ಹೇಳಿ, ಕೂತು ಅಕ್ಷರ ಅಕ್ಷರ ನೋಡೋಣ.